ಎದ್ದರೆ ತಲೆನೋವು, ಮಲಗಿದರೆ ಇಲ್ಲ

ಪ್ರಶ್ನೆ: ನನಗೆ 43 ವರ್ಷ. ಊರು ಶಿಡ್ಲಘಟ್ಟದ ಹತ್ತಿರದ ಹಳ್ಳಿ. ರೇಷ್ಮೆ ಹುಳ ಸಾಕುತ್ತೇವೆ. ಹತ್ತು ವಾರದ ಹಿಂದೆ ಬೆಂಗಳೂರಿನಲ್ಲಿ ಸೊಂಟದ ಡಿಸ್ಕ್ ಆಪರೇಷನ್ ಆಯಿತು. ಕಾಲಿನ ಸೆಳೆತ ಪೂರ್ತಿ ಹೋಗಿದೆ. ಆದರೆ ಆಪರೇಷನ್ ಆದ ಮೂರನೇ ದಿನ ಶುರುವಾದ ತಲೆನೋವು ಇನ್ನೂ ಬಿಟ್ಟಿಲ್ಲ. ಬೆಳಿಗ್ಗೆ ಕಣ್ಣು ಬಿಟ್ಟಾಗ ಏನೂ ಇರುವುದಿಲ್ಲ. ಎದ್ದು ಒಲೆ ಮುಂದೆ ನಿಂತರೆ ಸ್ವಲ್ಪ ಹೊತ್ತಿಗೇ ತಲೆಯ ಹಿಂಭಾಗ ಹಿಡಿದುಕೊಳ್ಳುತ್ತದೆ. ಮಲಗಿದರೆ ಕಡಿಮೆ. ನಂದಿ ಬೆಟ್ಟದಿಂದ ಇಳಿಯುವಾಗ ಕಟ್ಟಿಕೊಂಡ ಹಾಗೆ ಕಿವಿ ಕಟ್ಟಿ ಗುಂಯ್ ಅನ್ನುತ್ತದೆ. ಇಲ್ಲಿನ ಡಾಕ್ಟರು ಮೈಗ್ರೇನ್ ಎಂದರು, ನೋವಿನ ಮಾತ್ರೆ ದಿನಾ ನುಂಗುತ್ತಿದ್ದೇನೆ. ಅತ್ತೆ ದೃಷ್ಟಿ ತೆಗೆದರು. ಡಿಸ್ಚಾರ್ಜ್ ಚೀಟಿಯಲ್ಲಿ ‘ಡ್ಯೂರಲ್ ಟೇರ್, ರಿಪೇರ್ ಮಾಡಿದೆ’ ಅಂತ ಬರೆದಿದೆ ಎಂದು ಮಗ ಓದಿ ಹೇಳಿದ. ಅದಕ್ಕೂ ಈ ತಲೆನೋವಿಗೂ ಸಂಬಂಧ ಇದೆಯಾ? ತಾನಾಗಿ ವಾಸಿ ಆಗುತ್ತಾ, ಇಲ್ಲಾ ಮತ್ತೆ ಆಪರೇಷನ್ನಾ? ಕಾಫಿ ಕುಡಿದರೆ ಒಳ್ಳೆಯದು ಅಂತಾರೆ, ನಿಜವಾ? ಮುಂದಿನ ಬೆಳೆಗೆ ಚಾಕಿ, ಅಂದರೆ ಸಾಕುವ ಮರಿಹುಳ, ತರಬಹುದಾ?

ಉತ್ತರ: ನೋಡಿ ಅಮ್ಮ, ನಿಮ್ಮ ಪತ್ರದಲ್ಲೇ ಅರ್ಧ ಉತ್ತರ ಇದೆ. ‘ಎಷ್ಟು ನೋವು’ ಅಂತ ನೀವು ಬರೆದಿಲ್ಲ, ‘ಯಾವಾಗ ನೋವು’ ಅಂತ ಬರೆದಿದ್ದೀರಿ. ನನಗೆ ಬೇಕಾದದ್ದೂ ಅದೇ. ಎದ್ದರೆ ಬರುವ, ಮಲಗಿದರೆ ಹೋಗುವ ತಲೆನೋವು, ಅದೂ ಬೆನ್ನಿನ ಆಪರೇಷನ್ ಆದ ಮೇಲೆ ಶುರುವಾದದ್ದು ಅಂದರೆ ನಾನು ಮೊದಲು ಅನುಮಾನಿಸುವುದು ಒಂದನ್ನೇ. ಬೆನ್ನುಹುರಿಯ ಸುತ್ತ ಇರುವ ನೀರು ಸೋರುತ್ತಿದೆ. ನಿಮ್ಮ ಮಗ ಓದಿದ ಆ ಒಂದು ಸಾಲಿಗೂ ಇದಕ್ಕೂ ಸಂಬಂಧ ಇರುವ ಸಾಧ್ಯತೆ ತುಂಬಾ ಜಾಸ್ತಿ.

ಆ ನೀರು ಏನು ಅಂತ ಹೇಳಿಬಿಡುತ್ತೇನೆ. ಮಿದುಳು ಮತ್ತು ಬೆನ್ನುಹುರಿ ಒಂದೇ ಚೀಲದೊಳಗೆ, ನೀರಿನಲ್ಲಿ ತೇಲುತ್ತಾ ಇರುತ್ತವೆ. ಆ ಚೀಲದ ಹೊರಗಿನ ಗಟ್ಟಿ ಪೊರೆಯೇ ಡ್ಯೂರಾ. ಚೀಟಿಯಲ್ಲಿರುವ ‘ಡ್ಯೂರಲ್ ಟೇರ್’ ಅಂದರೆ ಆ ಪೊರೆ ಹರಿದದ್ದು. ಒಳಗಿನ ನೀರು ಯಾವ ಹೊತ್ತಿಗೆ ಅಳೆದರೂ ಸುಮಾರು 150 ಎಂ.ಎಲ್., ಒಂದು ಲೋಟದಷ್ಟು. ದಿನಕ್ಕೆ ಸುಮಾರು 500 ಎಂ.ಎಲ್. ಹೊಸದಾಗಿ ಊರುತ್ತದೆ, ಅಷ್ಟೇ ರಕ್ತಕ್ಕೆ ಹೋಗಿ ಸೇರುತ್ತದೆ. ಬಾವಿಯಲ್ಲಿ ಕೊಡ ಸೇದಿದ್ದೀರಲ್ಲ? ಕೊಡ ನೀರೊಳಗೆ ಇರುವವರೆಗೂ ಹಗ್ಗ ಹಗುರ. ನೀರು ಬಿಟ್ಟು ಮೇಲೆ ಬಂತೋ, ಕೈ ಜಗ್ಗುತ್ತದೆ. ಮಿದುಳಿನ ಕತೆಯೂ ಹಾಗೇ. ಹೊರಗೆ ತೂಗಿದರೆ 1,400 ಗ್ರಾಂ ಹತ್ತಿರ, ನೀರಿನಲ್ಲಿ ತೇಲುವಾಗ ಅದರ ಭಾರ 50 ಗ್ರಾಂ ಅಷ್ಟೇ. ನೀರು ಕಡಿಮೆಯಾದರೆ ಮಿದುಳು ಸ್ವಲ್ಪ ಕೆಳಗೆ ಜಗ್ಗುತ್ತದೆ, ಸುತ್ತಲಿನ ಪೊರೆ, ನರಗಳನ್ನು ಎಳೆಯುತ್ತದೆ. ತಲೆಬುರುಡೆ ಹಿಗ್ಗದ ಡಬ್ಬಿ. ಹಾಗಾಗಿ ನೀರು ಬಿಟ್ಟ ಜಾಗವನ್ನು ರಕ್ತನಾಳಗಳು ಉಬ್ಬಿ ತುಂಬುತ್ತವೆ. ಎಳೆತ, ಉಬ್ಬು ಎರಡೂ ಸೇರಿ ನಿಮ್ಮ ತಲೆನೋವು. ಒಳಗಿವಿಯ ದ್ರವಕ್ಕೂ ಈ ನೀರಿಗೂ ಸಣ್ಣ ಸಂಪರ್ಕ ಇದೆ, ಅದಕ್ಕೇ ಕಿವಿ ಕಟ್ಟುವುದು, ಗುಂಯ್ ಅನ್ನುವುದು. ಇದನ್ನು ನೀವಾಗೇ ಬರೆದದ್ದು ಒಳ್ಳೆಯದಾಯಿತು. ತಲೆನೋವಿನ ರೋಗಿಯನ್ನು ಕಿವಿಯ ಬಗ್ಗೆ ಕೇಳುವ ಡಾಕ್ಟರು ಕಡಿಮೆ.

ಮಲಗಿದರೆ ಯಾಕೆ ಕಡಿಮೆ? ನಿಮ್ಮ ಹಿಪ್ಪುನೇರಳೆ ತೋಟದ ಡ್ರಿಪ್ ಪೈಪನ್ನು ನೆನಪಿಸಿಕೊಳ್ಳಿ. ಇಲಿ ಕಚ್ಚಿದ ಪೈಪು ಮೋಟರು ಆಫ್ ಇದ್ದಾಗ ಚೆನ್ನಾಗಿಯೇ ಕಾಣುತ್ತದೆ. ಮೋಟರು ಹಾಕಿದರೆ ಚಿಮ್ಮುತ್ತದೆ. ಮಲಗಿದಾಗ ಸೊಂಟದ ಹತ್ತಿರ ಈ ನೀರಿನ ಒತ್ತಡ ಹತ್ತು-ಇಪ್ಪತ್ತು ಸೆಂಟಿಮೀಟರ್ ನೀರಿನಷ್ಟು. ಎದ್ದು ಕೂತರೆ ತಲೆಯಿಂದ ಸೊಂಟದವರೆಗಿನ ನೀರೆಲ್ಲ ಒಂದೇ ಕಂಬವಾಗಿ ಕೆಳಗೆ ಒತ್ತುತ್ತದೆ, ಒತ್ತಡ ನಲವತ್ತರ ಹತ್ತಿರ ಹೋಗುತ್ತದೆ. ನಿಮಗೆ ಆಪರೇಷನ್ ಆಗಿರುವುದು ಸೊಂಟದಲ್ಲಿ, ಅಂದರೆ ಕಂಬದ ಬುಡದಲ್ಲಿ. ಅಲ್ಲಿ ಸೂಜಿಮೊನೆಯಷ್ಟು ಸಂದಿ ಉಳಿದಿದ್ದರೂ ಸಾಕು. ನೀವು ಒಲೆ ಮುಂದೆ ನಿಲ್ಲುವುದೂ ಮೋಟರು ಹಾಕುವುದೂ ಒಂದೇ.

ಹಾಗಾದರೆ ಆಪರೇಷನ್ ಮಾಡಿದವರದ್ದು ತಪ್ಪಾ? ನೀವು ಕೇಳಿಲ್ಲ, ಆದರೆ ಮನೆಯಲ್ಲಿ ಯಾರೋ ಕೇಳಿಯೇ ಇರುತ್ತಾರೆ. ಪೊರೆ ಹರಿಯುವುದು ಈ ಆಪರೇಷನ್ನಿನಲ್ಲಿ ಎಲ್ಲಾ ಸರ್ಜನ್ನರ ಕೈಯಲ್ಲೂ ಆಗಾಗ ಆಗುವಂಥದ್ದು. ಬಹಳ ದಿನದ ಡಿಸ್ಕ್ ಇದ್ದರೆ ಪೊರೆ ಅದಕ್ಕೆ ಅಂಟಿಕೊಂಡಿರುತ್ತದೆ, ಬಿಡಿಸುವಾಗ ಸೀಳುತ್ತದೆ. ನಮ್ಮ ಕಡೆ ಇನ್ನೊಂದು ತೊಂದರೆಯೂ ಇದೆ. ಚಿಕ್ಕಬಳ್ಳಾಪುರ, ಕೋಲಾರದ ಎಷ್ಟೋ ಬೋರ್‌ವೆಲ್‌ಗಳಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮಿತಿಯನ್ನು ದಾಟಿದೆ. ವರ್ಷಗಟ್ಟಲೆ ಆ ನೀರು ಕುಡಿದವರ ಬೆನ್ನಿನೊಳಗಿನ ಪಟ್ಟಿಗಳು ಮೂಳೆಯ ಹಾಗೆ ಗಟ್ಟಿಯಾಗಿ ಪೊರೆಗೆ ಕಚ್ಚಿಕೊಂಡಿರುತ್ತವೆ. ಅಂಥ ಬೆನ್ನು ತೆರೆಯುವುದು ಒಣಗಿದ ಹಲಸಿನ ಮೇಣ ಕೀಳುವ ಕೆಲಸ. ನಿಮ್ಮದು ಹಾಗೇ ಇತ್ತು ಅಂತ ನಾನು ಹೇಳುತ್ತಿಲ್ಲ. ಹರಿದದ್ದನ್ನು ಮುಚ್ಚಿಡದೆ ಚೀಟಿಯಲ್ಲಿ ಬರೆದಿದ್ದಾರಲ್ಲ, ಅದು ಪ್ರಾಮಾಣಿಕತನ. ಅದರಿಂದಲೇ ಈಗ ನಮಗೆ ದಾರಿ ಕಾಣುತ್ತಿದೆ. ಇನ್ನೊಂದು ಸಮಾಧಾನದ ವಿಷಯ: ಬೆನ್ನುಹುರಿ ಸೊಂಟದ ಮೊದಲನೇ-ಎರಡನೇ ಮೂಳೆಯ ಹತ್ತಿರವೇ ಮುಗಿಯುತ್ತದೆ. ಸೊಂಟದ ಡಿಸ್ಕ್ ಆಪರೇಷನ್ ಹೆಚ್ಚಾಗಿ ಆಗುವುದು ಅದಕ್ಕಿಂತ ಕೆಳಗೆ. ಅಲ್ಲಿ ಇರುವುದು ಬರೀ ನರದ ಎಳೆಗಳು. ಕಾಲು ಚೆನ್ನಾಗಿದೆ ಎಂದಿದ್ದೀರಿ, ಅಂದರೆ ಅವು ಚೆನ್ನಾಗಿವೆ.

ಈ ತಲೆನೋವು ಹೊಸದೇನಲ್ಲ. 1898ರಲ್ಲಿ ಜರ್ಮನಿಯ ಆಗಸ್ಟ್ ಬಿಯರ್ ಎಂಬ ಸರ್ಜನ್ ಬೆನ್ನಿಗೆ ಅರಿವಳಿಕೆ ಕೊಡುವ ವಿಧಾನವನ್ನು ತನ್ನ ಮೇಲೇ ಪರೀಕ್ಷೆ ಮಾಡಿಸಿಕೊಂಡ. ಸೂಜಿಗೂ ಸಿರಿಂಜಿಗೂ ಸರಿಯಾಗಿ ಕೂರದೆ ನೀರು ಸೋರಿಹೋಯಿತು. ಅದಾದ ಮೇಲೆ ಎದ್ದರೆ ತಲೆಸುತ್ತು, ತಲೆನೋವು, ಮಲಗಿದರೆ ಇಲ್ಲ. ಒಂಬತ್ತು ದಿನ ಹಾಸಿಗೆ ಹಿಡಿದ. ನೀರು ಹೋದದ್ದೇ ಕಾರಣ ಇರಬೇಕು ಅಂತ ಆಗಲೇ ಊಹಿಸಿದ್ದ. ಇಷ್ಟು ವರ್ಷ ಆದರೂ ಇದಕ್ಕೆ ಮೈಗ್ರೇನ್ ಮಾತ್ರೆ ಬರೆಯುವುದು ನಿಂತಿಲ್ಲ. ಬೇರೆಯವರನ್ನು ಯಾಕೆ ಅನ್ನಲಿ, ನಾನೇ ಒಮ್ಮೆ ಬರೆದಿದ್ದೇನೆ. ಬೆನ್ನಿನ ಆಪರೇಷನ್ ಆದ ಲಾರಿ ಡ್ರೈವರ್ ಒಬ್ಬರು ಬಂದಿದ್ದರು. ನೋವು ಎಷ್ಟು, ಎಲ್ಲಿ, ವಾಂತಿ ಇದೆಯಾ, ಬೆಳಕು ಆಗಲ್ವಾ ಅಂತೆಲ್ಲ ಕೇಳಿದೆ. ಮಲಗಿದರೆ ಹೇಗಿರುತ್ತೆ ಅಂತ ಕೇಳಲೇ ಇಲ್ಲ. ಮೂರು ವಾರ ಬಿಟ್ಟು ಬಂದು, ‘ಸಾರ್, ಎದುರಿಗೆ ಬರೋ ಬಸ್ಸಿನ ಬೋರ್ಡು ಎರಡೆರಡು ಕಾಣ್ತದೆ’ ಎಂದರು. ಕಣ್ಣನ್ನು ಹೊರಗಡೆಗೆ ತಿರುಗಿಸುವ ಆರನೇ ನರ ಎಳೆತಕ್ಕೆ ಸಿಕ್ಕಿ ಸೋತಿತ್ತು. ಅವತ್ತು ಅವರನ್ನು ದಿಂಬಿಲ್ಲದೆ ಪರೀಕ್ಷೆ ಮಂಚದ ಮೇಲೆ ಮಲಗಿಸಿದೆ. ಇಪ್ಪತ್ತು ನಿಮಿಷದಲ್ಲಿ ಮುಖದ ಗಂಟು ಸಡಿಲವಾಯಿತು. ಕೂರಿಸಿ ಗಡಿಯಾರ ನೋಡುತ್ತಾ ನಿಂತೆ. ಆರನೇ ನಿಮಿಷಕ್ಕೆ ಅವರ ಬಲಗೈ ತಾನಾಗಿ ಹಿಂಗತ್ತಿಗೆ ಹೋಯಿತು. ಆ ಕೈ ಹೇಳಿದ್ದನ್ನು ಎಷ್ಟೋ ಸಲ ಸ್ಕ್ಯಾನ್ ಕೂಡ ಹೇಳುವುದಿಲ್ಲ.

ಅದನ್ನೇ ನೀವು ಮನೆಯಲ್ಲಿ ಮಾಡಿ, ಮೂರು ದಿನ. ಮಗನ ಹಳೇ ನೋಟ್‌ಬುಕ್ ಸಾಕು. ಎದ್ದದ್ದು ಎಷ್ಟು ಗಂಟೆಗೆ, ನೋವು ಶುರುವಾದದ್ದು ಎಷ್ಟು ನಿಮಿಷಕ್ಕೆ, ಹತ್ತಕ್ಕೆ ಎಷ್ಟು, ಮಲಗಿದ ಮೇಲೆ ಎಷ್ಟು ಹೊತ್ತಿಗೆ ಇಳಿಯಿತು. ಕೆಮ್ಮಿದರೆ, ಬಗ್ಗಿದರೆ, ಮುಕ್ಕಿದರೆ ಜಾಸ್ತಿ ಆಗುತ್ತಾ? ಕಿವಿ, ಕಣ್ಣು, ಕತ್ತು ಹೇಗಿವೆ? ಯಾವ ಮಾತ್ರೆ, ಎಷ್ಟು? ತುಂಬಾ ದಿನ ಸೋರಿದವರಲ್ಲಿ ಈ ಎದ್ದರೆ-ಮಲಗಿದರೆ ವ್ಯತ್ಯಾಸ ಮಸುಕಾಗುತ್ತಾ ಹೋಗುತ್ತದೆ, ಮಧ್ಯಾಹ್ನದ ಮೇಲೆ ಮಾತ್ರ ನೋವು ಅನ್ನುವವರೂ ಇದ್ದಾರೆ. ನಿಮ್ಮಲ್ಲಿ ಇನ್ನೂ ಸ್ಪಷ್ಟವಾಗಿದೆ. ಇರುವಾಗಲೇ ಬರೆದಿಡಿ.

ಗಾಯದ ಜಾಗವನ್ನೂ ಯಾರಿಗಾದರೂ ತೋರಿಸಿ. ಹೊಲಿಗೆಯ ಕೆಳಗೆ ಮೆತ್ತಗೆ ಉಬ್ಬಿದೆಯಾ? ಕೂತಾಗ, ಕೆಮ್ಮಿದಾಗ ಬಿಗಿಯಾಗಿ, ಮಲಗಿದಾಗ ಇಳಿಯುತ್ತಾ? ಹಾಗಿದ್ದರೆ ಸೋರಿದ ನೀರು ಅಲ್ಲೇ ಚೀಲ ಕಟ್ಟಿಕೊಂಡಿದೆ ಅಂತ ಅರ್ಥ. ಒತ್ತಿ ನೋಡಬೇಡಿ. ಸೂಜಿ ಹಾಕಿ ತೆಗೆಯುತ್ತೇನೆ ಅಂತ ಯಾರಾದರೂ ಊರಿನಲ್ಲಿ ಹೇಳಿದರೆ ಬೇಡ ಅನ್ನಿ. ಅಲ್ಲಿಂದ ಸೋಂಕು ನೇರ ಮಿದುಳಿನ ನೀರಿಗೆ ಹೋಗುತ್ತದೆ.

ಇನ್ನು ಮುಖ್ಯ ಪ್ರಶ್ನೆ, ತಾನಾಗಿ ವಾಸಿ ಆಗುತ್ತಾ? ಆಗುತ್ತದೆ, ಆದರೆ ಸಾಮಾನ್ಯವಾಗಿ ಮೊದಲ ಒಂದೆರಡು ವಾರದಲ್ಲಿ. ಮಲಗಿ ವಿಶ್ರಾಂತಿ ತೆಗೆದುಕೊಂಡರೆ ಎಷ್ಟೋ ಸಂದಿಗಳು ತಾವಾಗಿ ಕೂಡಿಕೊಳ್ಳುತ್ತವೆ. ನಿಮಗೆ ಹತ್ತು ವಾರ ಆಗಿದೆ. ಇನ್ನೂ ನೋಡೋಣ, ಬೇಸಿಗೆ ಕಳೀಲಿ, ಈ ಬೆಳೆ ಮುಗೀಲಿ ಅಂತ ಕಾಯುವ ಕಾಲ ದಾಟಿತು. ಯಾಕೆಂದರೆ ಮಿದುಳು ಜಗ್ಗಿಕೊಂಡೇ ಇದ್ದರೆ ಅದರ ಮೇಲಿನ ಸಣ್ಣ ರಕ್ತನಾಳ ಹರಿದು ರಕ್ತ ನಿಧಾನವಾಗಿ ಹೆಪ್ಪುಗಟ್ಟಬಹುದು. ಅಪರೂಪ, ಆದರೆ ಆಗುತ್ತದೆ. ಅದರ ಗುರುತು ಏನು ಗೊತ್ತಾ? ಇಷ್ಟು ದಿನ ಮಲಗಿದರೆ ಹೋಗುತ್ತಿದ್ದ ನೋವು ಈಗ ಮಲಗಿದರೂ ಹೋಗುವುದಿಲ್ಲ. ಈ ಬದಲಾವಣೆಯನ್ನು ‘ಅಭ್ಯಾಸ ಆಯಿತು’ ಅಂತ ತಳ್ಳಿಹಾಕಬೇಡಿ.

ಆ ಬದಲಾವಣೆ ಕಂಡರೆ, ಇಲ್ಲವೇ ಜ್ವರ ಬಂದು ಕತ್ತು ಬಗ್ಗಿಸಲು ಆಗದಿದ್ದರೆ, ಗಾಯದಿಂದ ತಿಳಿನೀರು ಬಂದು ಸೀರೆ ಒದ್ದೆಯಾದರೆ, ಮಂಪರು, ಮಾತು ತೊದಲು, ಫಿಟ್ಸ್, ಬಿಡದ ವಾಂತಿ, ಎರಡೆರಡು ಕಾಣುವುದು, ಕಾಲಿನ ಶಕ್ತಿ ಹೋಗುವುದು, ಮೂತ್ರ ಕಟ್ಟುವುದು, ಇದರಲ್ಲಿ ಯಾವುದೊಂದು ಬಂದರೂ ಪತ್ರ ಬರೆದು ಕಾಯಬೇಡಿ. ಆ ರಾತ್ರಿಯೇ 108ಕ್ಕೆ ಫೋನ್ ಮಾಡಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತುರ್ತು ವಿಭಾಗ ರಾತ್ರಿ ಹಗಲು ತೆರೆದಿರುತ್ತದೆ.

ಈಗ ಅಂಥದ್ದೇನೂ ಇಲ್ಲ ಅಂದುಕೊಂಡು ಹೇಳುತ್ತೇನೆ. ಈ ವಾರವೇ ಆಪರೇಷನ್ ಮಾಡಿದ ಸರ್ಜನ್ ಹತ್ತಿರವೇ ಹೋಗಿ. ಒಳಗೆ ಎಲ್ಲಿ ಹರಿಯಿತು, ಹೇಗೆ ಹೊಲಿದರು ಅಂತ ಕಣ್ಣಾರೆ ಕಂಡವರು ಅವರೊಬ್ಬರೇ. ಡಿಸ್ಚಾರ್ಜ್ ಚೀಟಿ, ಹಳೇ ಎಂ.ಆರ್.ಐ. ಫಿಲಂ, ಆ ನೋಟ್‌ಬುಕ್, ಆಯುಷ್ಮಾನ್ ಕಾರ್ಡ್ ಇದ್ದರೆ ಅದು, ಎಲ್ಲಾ ಒಂದು ಚೀಲದಲ್ಲಿ. ಒಳಗೆ ಹೋದ ತಕ್ಷಣ ‘ತಲೆನೋವು ಸಾರ್’ ಎನ್ನಬೇಡಿ. ‘ಸಾರ್, ಪೊರೆ ಹರಿದಿತ್ತು ಅಂತ ಬರೆದಿದ್ದೀರಿ. ಅವತ್ತಿಂದ ಎದ್ದರೆ ತಲೆನೋವು, ಮಲಗಿದರೆ ಇಲ್ಲ’ ಎನ್ನಿ. ಈ ಎರಡು ಮಾತಿಗೆ ಯಾವ ಸರ್ಜನ್ನೂ ತಲೆ ಎತ್ತಿ ನೋಡುತ್ತಾರೆ. ನೋಡದಿದ್ದರೆ ಇನ್ನೊಬ್ಬರ ಹತ್ತಿರ ಹೋಗಿ, ಅದರಲ್ಲಿ ಸಂಕೋಚ ಏನಿಲ್ಲ.

ಹೋಗುವ ರೀತಿಯೂ ಮುಖ್ಯ. ಬೆಂಗಳೂರು ನಿಮ್ಮೂರಿಂದ 60 ಕಿಲೋಮೀಟರಿನ ಆಸುಪಾಸು, ಟ್ರಾಫಿಕ್ ಸೇರಿ ಎರಡು-ಮೂರು ಗಂಟೆ ಬಸ್ಸಿನಲ್ಲಿ ಕೂತರೆ ಆಸ್ಪತ್ರೆ ಬಾಗಿಲಿಗೆ ಹೋಗುವಷ್ಟರಲ್ಲಿ ಮಾತಾಡಲೂ ಆಗುವುದಿಲ್ಲ. ಯಾರದ್ದಾದರೂ ಕಾರು ಕೇಳಿ, ಹಿಂದಿನ ಸೀಟಿನಲ್ಲಿ ಮಲಗಿ ಹೋಗಿ. ಹೊರರೋಗಿ ವಿಭಾಗದಲ್ಲೂ ಬೆಂಚು ಸಿಕ್ಕರೆ ಮಲಗಿ, ಯಾರು ಏನು ಅಂದುಕೊಂಡರೂ ಸರಿ.

ಅಲ್ಲಿ ಹೆಚ್ಚಾಗಿ ಬೆನ್ನಿಗೂ ತಲೆಗೂ ಎಂ.ಆರ್.ಐ. ಮಾಡಿಸುತ್ತಾರೆ, ತಲೆಗೆ ಕಾಂಟ್ರಾಸ್ಟ್ ಔಷಧಿ ಹಾಕಿ. ನೀರು ಕಡಿಮೆ ಇದ್ದರೆ ಮಿದುಳಿನ ಸುತ್ತಲ ಪೊರೆ ಹೊಳೆಯುತ್ತದೆ, ರಕ್ತನಾಳ ದಪ್ಪ ಕಾಣುತ್ತದೆ. ಮಿದುಳಿನ ಸುತ್ತ ರಕ್ತ ಕಟ್ಟಿದೆಯಾ, ರಕ್ತನಾಳದಲ್ಲಿ ಹೆಪ್ಪಿದೆಯಾ ಅಂತಲೂ ತಿಳಿಯುತ್ತದೆ. ಹೆಪ್ಪುಗಟ್ಟಿದ ರಕ್ತನಾಳ ಬೇರೆಯೇ ಕಾಯಿಲೆ, ಅದಕ್ಕೆ ಚಿಕಿತ್ಸೆಯೂ ಬೇರೆ. ಸ್ಕ್ಯಾನ್ ನಾರ್ಮಲ್ ಬಂದರೆ ‘ಏನೂ ಇಲ್ಲ, ಮನಸ್ಸಿನದು’ ಅಂತ ಯಾರಾದರೂ ಹೇಳಬಹುದು. ಸೋರಿಕೆ ಇದ್ದೂ ಸ್ಕ್ಯಾನ್ ನಾರ್ಮಲ್ ಬರುವುದುಂಟು. ಆಗ ನಿಮ್ಮ ನೋಟ್‌ಬುಕ್ಕೇ ಸಾಕ್ಷಿ.

ಚಿಕಿತ್ಸೆಗೆ ಬರೋಣ. ಮತ್ತೆ ಆಪರೇಷನ್ನೇ ಆಗಬೇಕೆಂದಿಲ್ಲ. ಎಷ್ಟೋ ಸಲ ಮೊದಲು ಬ್ಲಡ್ ಪ್ಯಾಚ್ ಮಾಡಿ ನೋಡುತ್ತಾರೆ. ನಿಮ್ಮ ತೋಳಿನಿಂದಲೇ 15-20 ಎಂ.ಎಲ್. ರಕ್ತ ತೆಗೆದು, ಬೆನ್ನಿನಲ್ಲಿ ಪೊರೆಯ ಹೊರಗಡೆ ಸೂಜಿಯಿಂದ ನಿಧಾನವಾಗಿ ಬಿಡುತ್ತಾರೆ. ಬೆನ್ನು ಬಿಗಿದರೆ ಹೇಳಿ ಅನ್ನುತ್ತಾರೆ, ಹೇಳಿದರೆ ನಿಲ್ಲಿಸುತ್ತಾರೆ. ರಕ್ತ ಹೆಪ್ಪುಗಟ್ಟಿ ಸಂದಿಗೆ ಮೆತ್ತಿಕೊಳ್ಳುತ್ತದೆ, ಡ್ರಿಪ್ ಪೈಪಿನ ತೂತಿಗೆ ಸೈಕಲ್ ಟ್ಯೂಬಿನ ಪಟ್ಟಿ ಬಿಗಿದು ಸುತ್ತುತ್ತಾರಲ್ಲ, ಹಾಗೆ. ಇದನ್ನು ಕಂಡುಕೊಂಡದ್ದೂ ಚೆನ್ನಾಗಿದೆ. 1960ರಲ್ಲಿ ಅಮೆರಿಕದ ಜೇಮ್ಸ್ ಗೋರ್ಮ್ಲಿ ಎಂಬ ಸರ್ಜನ್ ಒಂದು ವಿಷಯ ಗಮನಿಸಿದ. ಬೆನ್ನಿಗೆ ಸೂಜಿ ಹಾಕುವಾಗ ರಕ್ತ ಬಂದವರಿಗೆ ಆಮೇಲೆ ತಲೆನೋವು ಕಡಿಮೆ! ಕೈತಪ್ಪಿನಿಂದ ಆದದ್ದೇ ಔಷಧಿ ಆಯಿತು.

ಆದರೆ ಒಂದು ಮಾತು. ಸೂಜಿ ತೂತಿಗೆ ಇದು ಕೆಲಸ ಮಾಡುವಷ್ಟು ಚೆನ್ನಾಗಿ ಆಪರೇಷನ್ನಿನ ಸೀಳಿಗೆ ಮಾಡುವುದಿಲ್ಲ. ಸೀಳು ದೊಡ್ಡದು, ಅಲ್ಲಿ ಗಾಯದ ಕಲೆ ಕಟ್ಟಿ ರಕ್ತ ಹರಡಲು ಜಾಗವೂ ಕಡಿಮೆ. ಅದಕ್ಕೇ ಎಕ್ಸ್‌ರೇ ಯಂತ್ರದಲ್ಲಿ ನೋಡಿಕೊಂಡು, ಅನುಭವ ಇರುವವರೇ ಮಾಡಬೇಕು. ಎರಡನೇ ಸಲವೂ ಬೇಕಾಗಬಹುದು. ಗಾಯದ ಕೆಳಗೆ ನೀರು ಕಟ್ಟಿದ ಚೀಲ ದೊಡ್ಡದಿದ್ದರೆ ಇಲ್ಲಾ ಗಾಯದಿಂದ ನೀರು ಬರುತ್ತಿದ್ದರೆ ಸುಮ್ನೆ ಪ್ಯಾಚ್ ಅಂತ ದಿನ ಕಳೆಯುವುದಕ್ಕಿಂತ ಮತ್ತೆ ತೆರೆದು ಹೊಲಿಯುವುದೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಹೊಲಿದು, ಮೇಲೆ ನಿಮ್ಮದೇ ಕೊಬ್ಬಿನ ಚೂರು ಇಟ್ಟು, ಅಂಟು ಹಾಕಿ ಮುಚ್ಚುತ್ತಾರೆ.

ಪ್ಯಾಚ್ ಆದ ಮೇಲೆ ಕೆಲವರು ಹೆದರಿ ಫೋನ್ ಮಾಡುತ್ತಾರೆ: ‘ಡಾಕ್ಟ್ರೇ, ಈಗ ಉಲ್ಟಾ ಆಗಿದೆ. ಮಲಗಿದರೆ ನೋವು, ಕೂತರೆ ವಾಸಿ. ಅದೂ ಹಣೆಯಲ್ಲಿ.’ ಸಂದಿ ಮುಚ್ಚಿತು, ಆದರೆ ದೇಹ ಇನ್ನೂ ಹಳೇ ಲೆಕ್ಕದಲ್ಲೇ ಇದೆ, ಒತ್ತಡ ಸ್ವಲ್ಪ ಜಾಸ್ತಿ ಆಗಿರುತ್ತದೆ. ಹೆಚ್ಚಾಗಿ ಕೆಲವು ದಿನಕ್ಕೆ ಇಳಿಯುತ್ತದೆ, ಬೇಕಿದ್ದರೆ ನೀರಿನ ಉತ್ಪತ್ತಿ ತಗ್ಗಿಸುವ ಅಸೆಟಜೋಲಮೈಡ್ ಮಾತ್ರೆ ಕೊಡುತ್ತಾರೆ. ಫೋನ್ ಮಾಡುವುದು ಮಾತ್ರ ಬಿಡಬೇಡಿ. ತಲೆದಿಂಬು ಎತ್ತರ ಮಾಡಿಕೊಳ್ಳಿ.

ಕಾಫಿ: ಉಬ್ಬಿದ ರಕ್ತನಾಳವನ್ನು ಸ್ವಲ್ಪ ಕುಗ್ಗಿಸುತ್ತದೆ, ಒಂದೆರಡು ಗಂಟೆ ಹಾಯೆನಿಸುತ್ತದೆ. ಎರಡು ಲೋಟ ಕುಡಿಯಿರಿ. ಸಂದಿ ಮುಚ್ಚುವುದಿಲ್ಲ. ನೀರು ಜಾಸ್ತಿ ಕುಡಿದರೂ ಅಷ್ಟೇ.

ಮಾತ್ರೆಯ ಬಗ್ಗೆ ನನಗೆ ಜಾಸ್ತಿ ಚಿಂತೆ. ಹತ್ತು ವಾರ, ದಿನಾ ಎಂದಿದ್ದೀರಿ. ತಿಂಗಳಿಗೆ ಹದಿನೈದು ದಿನಕ್ಕಿಂತ ಹೆಚ್ಚು ನೋವಿನ ಮಾತ್ರೆ ನುಂಗುತ್ತಾ ಮೂರು ತಿಂಗಳು ಕಳೆದರೆ ಮಾತ್ರೆಯೇ ತಲೆನೋವು ತರುತ್ತದೆ. ಆಗ ಸೋರಿಕೆ ನಿಂತರೂ ತಲೆನೋವು ನಿಲ್ಲುವುದಿಲ್ಲ, ಯಾವುದು ಯಾವುದರದು ಅಂತ ನಮಗೂ ಗೊತ್ತಾಗುವುದಿಲ್ಲ. ಡೈಕ್ಲೋಫೆನಾಕ್ ಥರದ್ದಾದರೆ ಹೊಟ್ಟೆ, ಕಿಡ್ನಿ ಎರಡಕ್ಕೂ ಪೆಟ್ಟು. ಖಾಲಿ ಪಟ್ಟಿಗಳನ್ನೂ ಆ ಚೀಲಕ್ಕೆ ಹಾಕಿಕೊಂಡು ಹೋಗಿ ತೋರಿಸಿ.

ಅಲ್ಲಿಯವರೆಗೆ ಮನೆಯಲ್ಲಿ ಹೇಗಿರಬೇಕು? ಹಗಲು ಎರಡು-ಮೂರು ಸಲ ಚಪ್ಪಟೆಯಾಗಿ ಮಲಗಿ. ಆದರೆ ದಿನವಿಡೀ ಮಲಗಿರಬೇಡಿ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಮಲಗಿದಾಗ ಪಾದ ಮೇಲೆ ಕೆಳಗೆ ಆಡಿಸುತ್ತಿರಿ. ಮಲಬದ್ಧತೆ ಬರಬಾರದು, ಮುಕ್ಕಿದರೆ ಒತ್ತಡ ಒಮ್ಮೆಗೇ ಏರುತ್ತದೆ. ಸೊಪ್ಪಿನ ಬಸ್ಸಾರು, ಪರಂಗಿ ಹಣ್ಣು, ಬೇಕಿದ್ದರೆ ರಾತ್ರಿ ಇಸಬ್ಗೋಲ್. ಹುಳದ ಮನೆಗೆ ಬ್ಲೀಚಿಂಗ್ ಪೌಡರ್, ಫಾರ್ಮಲಿನ್ ಹೊಡೆಯುವ ದಿನ ಆ ಕಡೆ ಹೋಗಲೇಬೇಡಿ. ಆ ಘಾಟಿಗೆ ಬರುವ ಕೆಮ್ಮು ಒಂದೊಂದೂ ಸಂದಿಯನ್ನು ಹಿಗ್ಗಿಸುತ್ತದೆ.

ಚಾಕಿ ತರುವುದನ್ನು ಈ ಸಲ ಬಿಡಿ. ಹುಳ ಮೂರನೇ, ನಾಲ್ಕನೇ ಜ್ವರ (ಪೊರೆ ಕಳಚುವ ನಿದ್ದೆ) ಎದ್ದ ಮೇಲೆ ಸೊಪ್ಪು ಹಾಕುವುದೇ ಹಾಕುವುದು, ಹಣ್ಣಾದ ಹುಳ ಆಯ್ದು ಗೂಡು ಕಟ್ಟುವ ಚಂದ್ರಿಕೆಗೆ ಬಿಡುವಾಗ ಇಡೀ ದಿನ ಬಗ್ಗಿಯೇ ಇರಬೇಕು. ಅದು ಯಾರಿಗಾದರೂ ಕಷ್ಟ, ನಿಮಗೆ ಈಗ ಆಗದ ಕೆಲಸ. ಪ್ಯಾಚ್ ಆದ ಮೇಲೂ ನಾಲ್ಕರಿಂದ ಆರು ವಾರ ಬಗ್ಗುವುದು, ತಿರುಚುವುದು, ಭಾರ ಎತ್ತುವುದು ಬೇಡ. ಅಂದರೆ ಒಂದು ಬೆಳೆ ಹೋಯಿತು ಅಂತಿಟ್ಟುಕೊಳ್ಳಿ. ಅದರ ಮುಂದಿನದಕ್ಕೆ ಕಡಿಮೆ ಮೊಟ್ಟೆಯ ಚಾಕಿ ತನ್ನಿ. ಮೇಲಿನ ಅಟ್ಟಣೆಗೆ ನಿಂತುಕೊಂಡು ಸೊಪ್ಪು ಹಾಕುವ ಕೆಲಸ ನಿಮಗಿರಲಿ. ಕೆಳಗಿನ ಅಟ್ಟಣೆ, ಚಂದ್ರಿಕೆ, ಸೊಪ್ಪಿನ ಹೊರೆ ಮೂರೂ ಮಗನ ಪಾಲಿಗೆ.